ಬಸ್ಸಿಗೆ ಬಂದ ಗೇರ್‌ಬಾಕ್ಸ್

ಗೇರ್‌ಬಾಕ್ಸಿನ ಭಾರವನ್ನು ಅರ್ಧ ಜಾಕ್ ಮೇಲೆ, ಅರ್ಧ ತನ್ನ ಎದೆಯ ಮೇಲೆ ಹೊತ್ತು, ಹಳೆಯ ಮಾರುತಿ ಕಾರಿನಡಿ ಅಂಗಾತ ಮಲಗಿದ್ದ ಸಿದ್ದಲಿಂಗೇಶ "ಒಂಚೂರು ತಿರುವು" ಅಂದ. ಮೇಲೆ ಎಂಜಿನ್ನು ತಿರುಗಲಿಲ್ಲ. ಬೇವಿನ ನೆರಳಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದ ಗಾಡಿಯ ಒಡೆಯ ಅಂಬಪ್ಪ ಬಗ್ಗಿ ನೋಡಿದ.

"ಯಾರಿಗಂದ್ರಿ ಸಿದ್ದಲಿಂಗಣ್ಣ? ನನಗೇನು?"

"ಯಾರಿಗೂ ಅಲ್ರಿ. ಕಿವಿಯಾಗ ಕುಂತೈತಿ, ಬಾಯಾಗ ಬಂತು."

ಅದು ಗ್ಯಾರೇಜು ಬಿಟ್ಟು ಹೋದ ಜೊತೆಗಾರ ಗೌಸ್‌ಸಾಬನ ಮಾತು. ಮಸ್ಕಿಯ ಸಿಂಧನೂರು ರಸ್ತೆಯ ಆ ಗ್ಯಾರೇಜಿನಲ್ಲಿ ಎಂಜಿನ್ನಿನ ಕೆಲಸ ಸಿದ್ದಲಿಂಗೇಶನದು, ಗೇರ್‌ಬಾಕ್ಸಿನ ಕೆಲಸ ಗೌಸ್‌ಸಾಬನದು. ಅವನು ಕೆಳಗೆ ಮಲಗಿ ಬಾಕ್ಸನ್ನು ಎತ್ತಿ ಹಿಡಿದರೆ, ಇವನು ಮೇಲೆ ನಿಂತು ಪಾನಾದಿಂದ ಎಂಜಿನ್ನು ತಿರುವುತ್ತಿದ್ದ. ಹಲ್ಲಿಗೆ ಹಲ್ಲು ಸಿಕ್ಕಿ ಎರಡೂ ಒಂದಾಗುತ್ತಿದ್ದವು. ಈಗ ಗೌಸ್‌ಸಾಬನ ಜಾಗದಲ್ಲಿ ಮಲಗಿದ್ದಕ್ಕೋ ಏನೋ, ಅವನ ಮಾತೇ ತನ್ನ ಬಾಯಿಂದ ಬಂದಿತ್ತು.

ಅಂಬಪ್ಪ ಲಿಂಗಸುಗೂರಿನ ಕಚೇರಿಯೊಂದರಲ್ಲಿ ಗುಮಾಸ್ತ. ಹೆಂಡತಿ ಗದ್ದೆಮ್ಮನಿಗೆ ಮೊಣಕಾಲು ನೋವು, ಬಸ್ಸು ಹತ್ತಲಾರಳು. ಹಾಗಾಗಿ ಎಣ್ಣೆ ಕುಡಿದು ಹೊಗೆ ಬಿಡುತ್ತಿದ್ದ ಗಾಡಿಗೆ ಸಿಂಧನೂರಿನ ಗುಜರಿಯಲ್ಲಿ ಬೇರೆ ಎಂಜಿನ್ನು ಹುಡುಕಿ ತಂದಿದ್ದ.

"ಎಂಜಿನ್ ಈಚಿನ ಗಾಡೀದು, ಬಾಕ್ಸ್ ಹಳೀದು. ಕೂಡ್ತಾವೇನ್ರಿ?"

"ಒಂದ ಮನೆತನದವು ಅದಾವ. ಬೋಲ್ಟಿನ ತೂತಿಗೆ ತೂತು ಹಿಡದು ನೋಡೀನಿ. ಹೆಣ್ಣು ಕೊಡೂಮುಂದ ನೋಡ್ತಾರಲ್ಲ, ಹಂಗ."

"ಮನೆತನ ನೋಡೇ ಗದ್ದೆಮ್ಮನ್ನ ನನಗ ಕಟ್ಟಿದ್ರು. ಜಗಳ ಇನ್ನಾ ನಿಂತಿಲ್ಲ."

ಸಿದ್ದಲಿಂಗೇಶ ನಕ್ಕ. ಬಾಕ್ಸು ಮಾತ್ರ ಬೆರಳಷ್ಟು ಸಂದು ಉಳಿಸಿ ನಿಂತಿತು. ಅಲುಗಿಸಿದ, ಓರೆ ಮಾಡಿದ, ಶಿವನಾಮ ನೆನೆದು ಮತ್ತೆ ದೂಡಿದ. ಬರಲಿಲ್ಲ. ಕೊನೆಗೆ ಉದ್ದನೆಯ ಬೋಲ್ಟು ಹಾಕಿ ಪಾನಾ ತಿರುವತೊಡಗಿದ. ಬೋಲ್ಟಿನಿಂದ ಎಳೆಯಬಾರದು, ತಾನಾಗಿ ಬರಬೇಕು ಎಂದು ಗೌಸ್‌ಸಾಬ್ ಬೈಯುತ್ತಿದ್ದುದು ನೆನಪಾಗದೆ ಇರಲಿಲ್ಲ. ನೆನಪಾದದ್ದರಿಂದಲೇ ಇನ್ನೊಂದು ಸುತ್ತು ತಿರುವಿದ.

ಟಕ್ ಅಂತು. ಬೋಲ್ಟು ಹಿಡಿಯುವ ಬಾಕ್ಸಿನ ಕಿವಿ ಮುರಿದು ಅವನ ಭುಜದ ಪಕ್ಕ ಬಿತ್ತು.

ಹೊರಗೆ ಬಂದು ಆ ತುಂಡನ್ನು ಅಂಬಪ್ಪನಿಗೆ ತೋರಿಸಿದ. "ನನ್ನ ಕೈ ತಪ್ಪು. ಬ್ಯಾರೆ ಬಾಕ್ಸ್ ನಾನ ಹುಡುಕಿ ಹಾಕ್ತೀನಿ."

"ಈ ಹಳೇದಕ್ಕ ಎಲ್ಲಿ ಸಿಗತೈತ್ರಿ? ಗೌಸ್‌ಸಾಬಗ ಒಂದು ಮಾತು ಕೇಳ್ರಲ್ಲ."

ಕೇಳುವುದೇ ಕಷ್ಟವಾಗಿತ್ತು. ಗೌಸ್‌ಸಾಬನ ಮಗಳು ಸುಭಾನಬಿಯ ಗಂಡ ಲಿಂಗಸುಗೂರಿನಲ್ಲಿ ಗ್ಯಾರೇಜು ತೆರೆದಾಗ, "ಹೋಗಿ ಅಳಿಯಗ ಕೈ ಜೋಡಿಸ್ತೀನಿ ಸಿದ್ದು" ಅಂದಿದ್ದ ಗೌಸ್‌ಸಾಬ್. "ಹೋಗಲೇ. ನೀ ಇಲ್ದಿದ್ರ ಮಸ್ಕಿ ಗಾಡಿ ಓಡಂಗಿಲ್ಲೇನು?" ಅಂದಿದ್ದ ಸಿದ್ದಲಿಂಗೇಶ. ಅಷ್ಟೇ. ಆಮೇಲೆ ಅವನೂ ಫೋನು ಮಾಡಲಿಲ್ಲ, ಇವನೂ ಮಾಡಲಿಲ್ಲ. ಬೆಳಗಿನ ಲಿಂಗಪೂಜೆ ಮುಗಿಸಿ ಬಂದರೆ ಶಟರು ತಾನೇ ಎತ್ತಬೇಕಾಗಿತ್ತು. ಮೊದಲು ಅದು ತೆರೆದೇ ಇರುತ್ತಿತ್ತು.

ಅಂಬಪ್ಪ ಹೋದ ಮೇಲೆ ಫೋನು ಹಚ್ಚಿದ.

"ಹೇಳು ಸಿದ್ದು." ದಿನಾ ಮಾತಾಡುವವನ ದನಿಯಂತೆಯೇ ಇತ್ತು.

"ಬಾಕ್ಸಿನ ಕಿವಿ ಮುರೀತು."

"ಬೋಲ್ಟ್ ಹಾಕಿ ಎಳದಿ."

"ಹೂಂ."

"ಕ್ಲಚ್ ಪ್ಲೇಟು ನಟ್ಟನಡುವ ಕುಂದ್ರಿಸಿದ್ದೇನು?"

ಎಂಜಿನ್ನಿಗೂ ಬಾಕ್ಸಿಗೂ ನಡುವೆ ಇರುವ ಆ ಪ್ಲೇಟನ್ನು ಸಿದ್ದಲಿಂಗೇಶ ಹೇಗೋ ಇಟ್ಟು ಬಿಗಿದಿದ್ದ. ಗೌಸ್‌ಸಾಬ್ ಅದರೊಳಗೆ ಎರಡು ಬೆರಳು ತೂರಿಸಿ ಏನೋ ಮಾಡುತ್ತಿದ್ದುದನ್ನು ಕಂಡಿದ್ದ. ಅದೂ ಒಂದು ಕೆಲಸವೆಂದು ಇಷ್ಟು ವರ್ಷದಲ್ಲಿ ತಿಳಿದಿರಲಿಲ್ಲ, ತನ್ನ ಪಾಲಿಗೆ ಅದು ಎಂದೂ ಉಳಿದಿರಲಿಲ್ಲ.

"ಮ್ಯಾಲೆ ತಿರುವಾಕ ಯಾರದಾರ?"

"ಯಾರೂ ಇಲ್ಲ."

ಆ ಕಡೆ ಯಾರೋ ಸುತ್ತಿಗೆ ಬಡಿಯುತ್ತಿದ್ದರು. "ಬಾ" ಅನ್ನುವ ಬದಲು ಸಿದ್ದಲಿಂಗೇಶ ಮುರಿದ ಕಿವಿಯ ತುಂಡನ್ನು ಕೈಯಲ್ಲಿ ತಿರುವಿದ.

"ಒಂದು ಬಾಕ್ಸ್ ಐತಿ ನನ್ನ ಹತ್ರ," ಅಂದ ಗೌಸ್‌ಸಾಬ್. "ನಾಳಿ ಮಧ್ಯಾಹ್ನದ ಬಸ್ಸಿಗೆ ನೋಡು."

ಅಷ್ಟು ಭಾರದ್ದನ್ನು ಒಂಟಿಯಾಗಿ ಯಾರು ಕಳಿಸುತ್ತಾರೆ, ತಾನೂ ಬರುತ್ತಾನೆ ಎಂದುಕೊಂಡ ಸಿದ್ದಲಿಂಗೇಶ. ಮರುದಿನ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದವನೇ ನೆಲ ಗುಡಿಸಿದ. ಗೌಸ್‌ಸಾಬನ ಬೆನ್ನಿಗೆ ಒತ್ತದಿರಲೆಂದು ಗಾಡಿಯ ಅಡಿಗೆ ಎರಡು ಮಡಿಕೆ ಮಾಡಿ ಗೋಣಿತಟ್ಟು ಹಾಸಿದ. ಮಿರ್ಚಿ ಅಂಗಡಿಯ ಬಸ್ಸಪ್ಪನಿಗೆ, "ಮಧ್ಯಾಹ್ನ ಒಂದು ಪ್ಲೇಟು ಜಾಸ್ತಿ ಹಾಕು, ಖಾರ ಇರಲಿ, ಅಂವಗ ಸಪ್ಪಂದು ನಡಿಯಂಗಿಲ್ಲ" ಅಂದ.

ಮಧ್ಯಾಹ್ನ ಲಿಂಗಸುಗೂರಿನ ಬಸ್ಸು ಬಂದು ರಸ್ತೆಯಲ್ಲಿ ನಿಂತಿತು. ಕಂಡಕ್ಟರು ಗೋಣಿ ಸುತ್ತಿದ ಬಾಕ್ಸನ್ನು ಕೆಳಗಿಳಿಸಿ, "ನಿಮ್ದ ಅಲ್ಲೇನ್ರಿ? ತಗೋರಿ, ಸೊಂಟಾ ಹೋತು" ಅಂದ. ಸಿದ್ದಲಿಂಗೇಶ ಬಾಗಿಲನ್ನೇ ನೋಡುತ್ತಿದ್ದ. ಬುಟ್ಟಿ ಹೊತ್ತ ಮುದುಕಿಯೊಬ್ಬಳು ಇಳಿದಳು. ಬಳಗಾನೂರಿನ ಇಬ್ಬರು ಹತ್ತಿದರು. ಬಸ್ಸು ಸಿಂಧನೂರಿನ ಕಡೆ ಹೊರಟಿತು.

ಗ್ಯಾರೇಜಿಗೆ ಹೊತ್ತು ತಂದು ಗೋಣಿ ಬಿಚ್ಚಿದ. ಬಾಕ್ಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದ್ದರು. ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಗೇಣುದ್ದದ ಮರದ ಗೂಟವಿತ್ತು, ಒಂದು ತುದಿ ಸಣ್ಣ, ಒಂದು ದಪ್ಪ. ಬಿಗಿದಿದ್ದ ಪ್ಲೇಟನ್ನು ಸಡಿಲಿಸಿ, ಅದರೊಳಗೆ ಗೂಟ ತೂರಿಸಿ ನೋಡಿದ. ಸಣ್ಣ ತುದಿ ಎಂಜಿನ್ನಿನ ನಡುಗುಂಡಿಗೆ ಹೋಗಿ ನಿಂತಿತು, ಪ್ಲೇಟು ತಾನಾಗಿ ನಡುವಿಗೆ ಸರಿಯಿತು. ಗೌಸ್‌ಸಾಬ್ ಇಂಥ ಗೂಟ ಹಿಡಿದದ್ದನ್ನು ಅವನು ಎಂದೂ ಕಂಡಿರಲಿಲ್ಲ. ಜಾಲಿಯ ಕಟ್ಟಿಗೆ, ನಿನ್ನೆ ಕೆತ್ತಿದ್ದಿರಬೇಕು. ಹಸಿ ವಾಸನೆ ಇನ್ನೂ ಹೋಗಿರಲಿಲ್ಲ.

ಪ್ಲೇಟು ಬಿಗಿದು, ಗೂಟ ತೆಗೆದು, ಗೋಣಿತಟ್ಟಿನ ಮೇಲೆ ಮಲಗಿ ಬಾಕ್ಸನ್ನು ಎತ್ತಿದ. ಎಲ್ಲೂ ತಡೆಯಲಿಲ್ಲ. ಮೇಲೆ ಯಾರೂ ತಿರುವಬೇಕಾಗಲಿಲ್ಲ. ಸರಿದು ಹೋಗಿ ಎಂಜಿನ್ನಿಗೆ ಹತ್ತಿಕೊಂಡಿತು, ಸಂದಿನಲ್ಲಿ ಉಗುರು ಕೂಡ ಹೋಗದಂತೆ.

ಬೋಲ್ಟುಗಳು ಪಕ್ಕದ ತಟ್ಟೆಯಲ್ಲಿದ್ದವು. ಇನ್ನು ಗೌಸ್‌ಸಾಬ್ ಬರಬೇಕಾಗಿಯೇ ಇಲ್ಲ ಅನ್ನಿಸಿ, ಅವನು ಕೈ ಚಾಚಲಿಲ್ಲ. ಗಾಡಿಯ ಅಡಿಯಿಂದ ರಸ್ತೆಯ ಒಂದು ಪಟ್ಟಿ ಮಾತ್ರ ಕಾಣುತ್ತಿತ್ತು. ಲಿಂಗಸುಗೂರಿನ ಕಡೆ ಹೋಗುವ ಬಸ್ಸಿನ ಚಕ್ರಗಳು ಬಂದು ನಿಂತವು. ಎರಡು ಜೊತೆ ಕಾಲುಗಳು ನೆಲದಿಂದ ಮೇಲಕ್ಕೆ ಹೋಗಿ ಕಾಣದಾದವು. ಚಕ್ರಗಳು ಮೆಲ್ಲಗೆ ಉರುಳಿದವು, ಒಂದು ಪ್ಲೇಟು ಜಾಸ್ತಿ ಹೇಳಿಟ್ಟಿದ್ದ ಬಸ್ಸಪ್ಪನ ಅಂಗಡಿಯ ಕಡೆಯಿಂದ ಕಾದ ಎಣ್ಣೆಯ ವಾಸನೆ ಬಂತು.