ಹಿಮನದಿಯ ಮುಂದೆ ಸನ್ಮಾನ

ಮರುಳಸಿದ್ದಮ್ಮ ಟೀಚರ ಸಿಟ್ಟು ಹಡಗು ಹತ್ತಿದ ಮೇಲೆ ಹುಟ್ಟಿದ್ದಲ್ಲ. ಹಿರಿಯೂರಿನಲ್ಲಿ ಕೊಬ್ಬರಿ ವರ್ತಕರ ಸಂಘದ ಸಭೆ ನಡೆದ ದಿನವೇ ಅದು ಹೊಗೆಯಾಡಲು ಶುರುವಾಗಿತ್ತು. ಹೆಂಡಿರ ಸಮೇತ ದುಬೈಗೆ ಹೋಗಿ ಒಂಟೆ ಹತ್ತಿ ಬರುವುದೆಂದು ಸಂಘದವರು ತೀರ್ಮಾನಿಸಿಯೇ ಬಿಟ್ಟಿದ್ದರು. ಸಂಘದ ಕಾರ್ಯದರ್ಶಿ ಚಿತ್ರಲಿಂಗಪ್ಪ ಆಕೆಯ ಗಂಡ. ಬಿಸಿಲು, ಧೂಳು ನೋಡಬೇಕಾದರೆ ಧರ್ಮಪುರದ ಬಸ್ಸು ಹತ್ತಿದರೆ ಸಾಲದೇ, ಅದಕ್ಕೆ ವಿಮಾನ ಯಾಕೆ ಎಂದು ಆಕೆ ಸಭೆಯಲ್ಲೇ ಎದ್ದು ನಿಂತು ಕೇಳಿದಳು. ಗಂಡಸರು ನಕ್ಕರು.

ಆದರೆ ಆಕೆ ಬಿಡಲಿಲ್ಲ. ಹೊಸದುರ್ಗದ ಹೈಸ್ಕೂಲಿನಲ್ಲಿ ತಲೆಗೂದಲು ಬೆಳ್ಳಗಾಗುವ ತನಕ ಭೂಗೋಳ ಪಾಠ ಮಾಡಿದವಳು ಆಕೆ. ಹಿಮನದಿ ಹೇಗೆ ಬೆಟ್ಟವನ್ನೇ ಕೊರೆದುಕೊಂಡು ಬರುತ್ತದೆ, ಕೊನೆಗೆ ಹೇಗೆ ಮುರಿದು ಸಮುದ್ರಕ್ಕೆ ಬೀಳುತ್ತದೆ ಎಂದು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದವಳು. ಮಕ್ಕಳಲ್ಲಿ ಒಬ್ಬರಾದರೂ, ನೀವು ನೋಡಿದ್ದೀರಾ ಮಿಸ್ ಎಂದು ಕೇಳಿಯೇ ಕೇಳುತ್ತಿದ್ದರು. ಇಲ್ಲ ಎನ್ನುವಾಗ ಪ್ರತಿಸಲವೂ ನಾಚಿಕೆಯಾಗುತ್ತಿತ್ತು. ಕಣ್ಣು ಮುಚ್ಚುವುದರೊಳಗೆ ಅದು ಬೀಳುವುದನ್ನು ಒಂದು ಸಲ ನೋಡಬೇಕು, ಅಷ್ಟೇ ಅವಳ ಆಸೆ.

ಹಿಮನದಿ ನೋಡಲೆಂದು ಆಕೆ ಪಟ್ಟು ಹಿಡಿದಿದ್ದ ಅಲಾಸ್ಕಾದ ಹಡಗಿನ ಪ್ರವಾಸಕ್ಕೆ ಅಧ್ಯಕ್ಷ ಶಿವಕುಮಾರಪ್ಪನವರು ಒಂದು ದಿನ ಇದ್ದಕ್ಕಿದ್ದಂತೆ ಒಪ್ಪಿಕೊಂಡರು. ಹೊಳಲ್ಕೆರೆಯ ಹಿರಿಯ ವ್ಯಾಪಾರಸ್ಥರು, ಮಾತು ಕಡಿಮೆ, ಗತ್ತು ಜಾಸ್ತಿ. ತನ್ನ ವಾದಕ್ಕೆ ಸೋತರು ಎಂದುಕೊಂಡು ಮರುಳಸಿದ್ದಮ್ಮ ಹಿಗ್ಗಿಹೋದಳು. ಅವರಿಗೆ ಅರವತ್ತು ತುಂಬುತ್ತಿದೆ, ಜಿಲ್ಲೆಯಲ್ಲಿ ಯಾರಿಗೂ ಆಗದಂಥ ಜಾಗದಲ್ಲಿ ಸನ್ಮಾನ ಆಗಬೇಕೆಂದು ಒಳಗೊಳಗೇ ಮಾತಾಗಿದೆ ಎಂಬುದು ಅವಳಿಗೇನು ಗೊತ್ತು? ನಮ್ಮ ಕಡೆ ನಾಲ್ಕು ಜನ ಒಟ್ಟಿಗೆ ನಿಂತರೆ ಯಾರಿಗಾದರೂ ಒಬ್ಬರಿಗೆ ಶಾಲು ಹೊದಿಸದೆ ಚದುರುವುದುಂಟೆ? ಶಾಲು, ಮೈಸೂರು ಪೇಟ, ಗಂಧದ ಹಾರ, ಸುತ್ತಿಟ್ಟ ಫ್ಲೆಕ್ಸು, ಎಲ್ಲವೂ ಗಂಡನ ಸೂಟ್‌ಕೇಸಿನಲ್ಲೇ ಸಮುದ್ರ ದಾಟಿದ್ದವು.

ಹಡಗಿನ ಎರಡನೇ ದಿನ ತಿಮಿಂಗಿಲ ಬಾಲ ಎತ್ತಿದಾಗ ಸಂಘದವರೆಲ್ಲ ಒಳಗೆ ಊರಿಂದ ತಂದ ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದರು. ಟೀಚರಮ್ಮನ ಕೈರುಚಿ ಚೆನ್ನಾಗಿದೆ, ಖಾರ ಅವರೇ ಕಲಸಲಿ ಎಂದು ಅವಳನ್ನೂ ಕೂರಿಸಿಕೊಂಡಿದ್ದರು. ಹೊರಗೆ ಗದ್ದಲ ಕೇಳಿ ಕೈ ತೊಳೆಯದೆ ಓಡಿದವಳಿಗೆ ಕಂಡದ್ದು ನೀರಿನ ಮೇಲಿನ ಸುಳಿ ಮಾತ್ರ. ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ತಿಮಿಂಗಿಲ ಹೋದರೆ ಹೋಗಲಿ, ಹಿಮನದಿ ಇದೆಯಲ್ಲ ಎಂದು ಹಲ್ಲು ಕಚ್ಚಿ ಸುಮ್ಮನಾದಳು.

ಹಿಮನದಿಯ ದಿನ ಬೆಳಗಾಗುತ್ತಲೇ ಹೋಗಿ ಕಂಬಿಯ ಪಕ್ಕ ಜಾಗ ಹಿಡಿದಳು. ಹಡಗು ಮೆಲ್ಲಗೆ ಹೋಗಿ ಹಿಮನದಿಯ ಎದುರು ನಿಂತಿತು. ಅವಳು ಬಿಳಿ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದದ್ದು ಇಲ್ಲಿ ನೀಲಿಯಾಗಿತ್ತು. ಕೋಟೆಯ ಗೋಡೆಯಷ್ಟು ಎತ್ತರ, ಮೈತುಂಬ ಬಿರುಕು. ಕೆಳಗೆ ತೇಲುವ ಮಂಜುಗಡ್ಡೆಗಳ ಮೇಲೆ ಸೀಲ್‌ಗಳು ಕೆರೆಯ ಎಮ್ಮೆಗಳಂತೆ ಆರಾಮಾಗಿ ಬಿದ್ದುಕೊಂಡಿದ್ದವು. ಅವಳ ಕಣ್ಣು ತುಂಬಿ ಬಂತು.

ಆಗ ಚಿತ್ರಲಿಂಗಪ್ಪ ಬಂದು ಹೆಗಲು ಮುಟ್ಟಿದ. ಸನ್ಮಾನದ ಸುದ್ದಿ ಅವಳಿಗೆ ತಿಳಿದದ್ದು ಆಗಲೇ. ಆರತಿ ತಟ್ಟೆ ಅವಳೇ ಹಿಡಿಯಬೇಕಂತೆ. ಹಡಗಿನಲ್ಲಿ ಬೆಂಕಿ ಹಚ್ಚುವಂತಿಲ್ಲ, ಹಾಗಾಗಿ ತಟ್ಟೆಯಲ್ಲಿ ಬ್ಯಾಟರಿ ದೀಪ. ತಾನು ಇಲ್ಲಿಂದ ಅಲುಗುವುದಿಲ್ಲ ಎಂದಳು.

"ಐದು ನಿಮಿಷ ಕಣೇ. ಕಾರ್ಯದರ್ಶಿ ಹೆಂಡ್ತಿನೇ ಇಲ್ದಿದ್ರೆ ಜನ ಏನಂತಾರೆ?"

ಹೋಗಬಾರದಿತ್ತು, ಹೋದಳು. ಎಲ್ಲರೂ ಹಿಮನದಿಗೆ ಬೆನ್ನು ಹಾಕಿ ಸಾಲಾಗಿ ನಿಂತರು, ಯಾಕೆಂದರೆ ಫೋಟೋದಲ್ಲಿ ಅದು ಹಿಂದೆ ಬರಬೇಕಲ್ಲ. ಅಧ್ಯಕ್ಷರ ತಮ್ಮನ ಮಗ ಚೇತನ್‌ಕುಮಾರ್ ಎದುರಿಗೆ ಫೋನು ಹಿಡಿದು ವಿಡಿಯೋ ಶುರುಮಾಡಿ, ಯಾರೂ ಅಲ್ಲಾಡಬೇಡಿ ಎಂದ. ಸಾಲಿನ ಹಿಂದೆ ಇಬ್ಬರು ಸ್ಟೂಲು ಹತ್ತಿ ಫ್ಲೆಕ್ಸು ಬಿಡಿಸಿ ಹಿಡಿದರು. ಅಧ್ಯಕ್ಷರ ಅಭಿನಂದನೆಗೆ ತಾವೇ ತಂದ ಫ್ಲೆಕ್ಸು ಹಿಮನದಿಯನ್ನೇ ಮುಚ್ಚುತ್ತದೆ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ! ಚಿತ್ರಲಿಂಗಪ್ಪ ಚೀಟಿ ತೆಗೆದು, ಅಧ್ಯಕ್ಷರು ಹುಟ್ಟಿದ ಊರಿನಿಂದ ಹಿಡಿದು ಭಾಷಣ ಶುರುಮಾಡಿದ. ಐದು ನಿಮಿಷ ಯಾವಾಗಲೋ ಮುಗಿಯಿತು, ಶಿವಕುಮಾರಪ್ಪನವರು ಇನ್ನೂ ಹೈಸ್ಕೂಲು ದಾಟಿರಲಿಲ್ಲ. ಅವಳ ಬೆರಳುಗಳು ತಟ್ಟೆಯ ಅಂಚಿನಲ್ಲಿ ಮರಗಟ್ಟುತ್ತಿದ್ದವು. ಒಳಗೆ ಮಾತ್ರ ಕೊತಕೊತ ಕುದಿಯುತ್ತಿತ್ತು.

ಪೇಟ ಆಯಿತು, ಹಾರ ಆಯಿತು. ಶಾಲು ಹೊದಿಸುವಾಗ ಬೆನ್ನ ಹಿಂದೆ ಕ್ವಾರಿಯಲ್ಲಿ ಬಂಡೆ ಸಿಡಿದಂಥ ಸದ್ದಾಯಿತು. ಹಡಗಿನಲ್ಲಿದ್ದ ಪರದೇಶದವರೆಲ್ಲ ಒಮ್ಮೆಗೇ ಹೋ ಎಂದರು. ಸನ್ಮಾನಕ್ಕೇ ಹೇಳಿದರೆಂದುಕೊಂಡು ಸಂಘದವರು ಚಪ್ಪಾಳೆ ತಟ್ಟಿದರು. ಮರುಳಸಿದ್ದಮ್ಮ ಗಿರ್ರನೆ ಹಿಂದಕ್ಕೆ ತಿರುಗಿದಳು. ಕಣ್ಣ ಮುಂದೆ, ಆಳೆತ್ತರಕ್ಕೆ, ಕೈ ಮುಗಿದು ಹಲ್ಲು ಬಿಟ್ಟುಕೊಂಡ ಶಿವಕುಮಾರಪ್ಪನವರು. ಫ್ಲೆಕ್ಸನ್ನು ಹಿಡಿದು ಜಗ್ಗಿದಳು. ಅದು ಕೆಳಗೆ ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ನೀರು ಉಕ್ಕಿ ಇಳಿಯುತ್ತಿತ್ತು, ಗೋಡೆಯಲ್ಲಿ ಹೊಸ ಗಾಯ ಕಾಣುತ್ತಿತ್ತು.

ಚೇತನ್‌ಕುಮಾರ್ ಮುಖ ಸಿಂಡರಿಸಿದ. "ಟೀಚರಮ್ಮ ತಿರುಗಿಬಿಟ್ರು, ಕೆಟ್ಟೋತು. ಇನ್ನೊಂದ್ಸಲ ಮಾಡಾಣ."

ಶಿವಕುಮಾರಪ್ಪನವರು ಪೇಟ ತೆಗೆದರು, ಹಾರ ತೆಗೆದರು, ಶಾಲು ಮಡಚಿ ಕಾರ್ಯದರ್ಶಿಯ ಕೈಗೆ ವಾಪಸು ಕೊಟ್ಟರು, ಮತ್ತೆ ಹೊದಿಸಲಿ ಎಂದು.

"ಆ ಮಂಜಿಗೂ ಇನ್ನೊಂದ್ಸಲ ಬೀಳು ಅಂತ ಹೇಳ್ತೀಯೇನೋ?" ಎಂದಳು ಮರುಳಸಿದ್ದಮ್ಮ. ತರಗತಿಯ ಕೊನೆಯ ಬೆಂಚಿಗೆ ಮುಟ್ಟುತ್ತಿದ್ದ ದನಿ ಅದು. ಆರತಿ ತಟ್ಟೆಯನ್ನು ಅಧ್ಯಕ್ಷರ ಕೈಗೇ ಇಟ್ಟು, ಫ್ಲೆಕ್ಸು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನಡೆದೇಬಿಟ್ಟಳು.

ಹಡಗು ಆಗಲೇ ತಿರುಗತೊಡಗಿತ್ತು. ಅದು ತಿರುಗಿದಂತೆಲ್ಲ ಅವಳೂ ಕಂಬಿ ಹಿಡಿದುಕೊಂಡು ಹಿಂಬದಿಗೆ ಸರಿಯುತ್ತ ಹೋದಳು, ಕಣ್ಣು ಮಾತ್ರ ಹಿಮನದಿಯ ಮೇಲೆ. ಇನ್ನೊಂದು ತುಂಡು ಬಿದ್ದೀತು ಎಂದು ಕಾದಳು. ಬೀಳಲಿಲ್ಲ. ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಗಂಡನ ಮೇಲೆ, ಶಾಲಿನ ಮೇಲೆ, ಕರೆದ ಕೂಡಲೇ ತಟ್ಟೆ ಹಿಡಿಯಲು ಹೋದ ತನ್ನ ಮೇಲೆ.

ಚಿತ್ರಲಿಂಗಪ್ಪ ಏದುಸಿರು ಬಿಡುತ್ತ ಬಂದ. ಅಧ್ಯಕ್ಷರಿಗೆ ಬೇಜಾರಾಗಿದೆ ಎಂದ, ವಿಡಿಯೋದಲ್ಲಿ ಎಲ್ಲ ಇದೆ, ರೂಮಿಗೆ ಹೋಗಿ ಎಷ್ಟು ಸಲ ಬೇಕಾದರೂ ನೋಡಬಹುದು ಎಂದ.

"ವಿಡಿಯೋದಾಗೆ ಶಿವಕುಮಾರಪ್ಪನೋರ ಹಲ್ಲು ಐತೆ," ಎಂದಳು. "ನಾನು ಅದನ್ನ ನೋಡಾಕೆ ಇಷ್ಟು ದೂರ ಬರ್ಲಿಲ್ಲ."

ಅವನು ಸಮಾಧಾನ ಮಾಡುವವನಂತೆ ಪಕ್ಕಕ್ಕೆ ಬಂದು, ಹಿಮನದಿಗೆ ಬೆನ್ನು ಹಾಕಿ, ಕೈ ಚಾಚಿ ಫೋನು ಮೇಲೆತ್ತಿದ. "ಹೋಗ್ಲಿ ಬಾ, ನಮ್ಮಿಬ್ರದ್ದೂ ಒಂದು ತೆಗಿಯಾಣ."

ಮರುಳಸಿದ್ದಮ್ಮ ಆ ಫೋನನ್ನು ಕಿತ್ತುಕೊಂಡು ತನ್ನ ಸ್ವೆಟರಿನ ಜೇಬಿಗೆ ಹಾಕಿದಳು. ಎರಡೂ ಭುಜ ಹಿಡಿದು, ಮದುವೆಯಾದ ಮೇಲೆ ಒಂದು ದಿನವೂ ಮಾಡದಷ್ಟು ಬಿರುಸಾಗಿ, ಅವನನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿದಳು.

"ನೋಡ್ರಿ."

ಅಷ್ಟರಲ್ಲಿ ಹಡಗು ತಿರುವು ದಾಟಿತ್ತು. ಎದುರಿಗಿದ್ದದ್ದು ಒಂದು ಕರಿಗುಡ್ಡ ಮತ್ತು ನೀರು. ಚಿತ್ರಲಿಂಗಪ್ಪ ಕಣ್ಣು ಕಿರಿದು ಮಾಡಿ ಅತ್ತ ಇತ್ತ ನೋಡಿದ.

"ಅಲ್ಲೇನೂ ಇಲ್ವಲ್ಲೇ."

"ಇತ್ತು," ಎಂದಳು ಅವಳು.