ದುರ್ಗಯ್ಯನ ಕಲ್ಲು ಸಿಕ್ಕ ಜಾಗ

ಎಷ್ಟು ಕಪ್ಪಗಿದೆ, ಪೂಜೆಯ ಅರಿಶಿನ ಹೋದ ಮೇಲೆ ಕಲ್ಲು ಇಷ್ಟು ಕಪ್ಪು ಅಂತ ಸಿದ್ದಕ್ಕನಿಗೆ ಇವತ್ತೇ ಗೊತ್ತಾದದ್ದು, ಒಣದ್ರಾಕ್ಷಿ ಗೊಂಚಲಿನ ಹಾಗೆ ಗುಂಡುಗುಂಡು, ಹಲ್ಲುಜ್ಜೋ ಬ್ರಷ್ಷಲ್ಲಿ ಎರಡು ದಿನ ಉಜ್ಜಿದೆ ಕಣಮ್ಮ ಅನ್ನುತ್ತಿದ್ದಾರೆ ತೋಂಟದಾರ್ಯ ಮೇಷ್ಟ್ರು, ತಿಪಟೂರಿನ ಈ ಮನೆ ತುಂಬ ಗಾಜಿನ ಬೀರು, ಬೀರು ತುಂಬ ಕಲ್ಲು, ಒಂದೊಂದರ ಮುಂದೆ ಒಂದು ಬಿಳಿ ಚೀಟಿ, ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಟ್ಟವರಿಗೆ ನಿವೃತ್ತಿಯಾದರೂ ಕಲ್ಲಿನ ಹುಚ್ಚು ಬಿಟ್ಟಿಲ್ಲ, ಅವರ ಪೆನ್ನು ಹೊಸ ಚೀಟಿಯ ಮೇಲೆ ನಿಂತಿದೆ, ಕೊಟ್ಟವರು ಸಿದ್ದಕ್ಕ ಅಂತ ಬರೆದಾಗಿದೆ, ಸಿಕ್ಕ ಜಾಗ ಅನ್ನುವುದರ ಮುಂದೆ ಖಾಲಿ — ಅದಕ್ಕೇ ಅಲ್ಲವೆ ಅವಳು ಬಂದದ್ದು, ಚಿಕ್ಕನಾಯಕನಹಳ್ಳಿ ಮ್ಯಾಂಗನೀಸ್ ಗುಂಡಿ, ಗಂಡ ದುರ್ಗಯ್ಯ ಮಣ್ಣಾದ ಜಾಗ, ಅಷ್ಟು ಬರೆಸಿದರೆ ಸಾಕಿತ್ತು, ನೀನು ಹೋದ್ಮೇಲೆ ಎಡೆ ಇಡೋರ್ಯಾರಮ್ಮ, ಮೇಷ್ಟ್ರ ಮನೇಲಾದ್ರೆ ಅಪ್ಪನ ಹೆಸ್ರು ಗಾಜಿನೊಳಗೆ ಇರ್ತದೆ ಅಂದವಳು ಮಗಳು ಆಶಾ, ಸರಿ ಕಣೇ ಅಂದಿದ್ದಳು ಸಿದ್ದಕ್ಕ.

ಇದು ನಮ್ಮ ಕಡೆ ಕಲ್ಲಲ್ಲ, ಅಂದರಲ್ಲ ಈಗ ಮೇಷ್ಟ್ರು, ಬಳ್ಳಾರಿ ಕಡೇದು, ಅಲ್ಲಿಂದಲೇ ತಂದ ಇಂಥವು ನಾಲ್ಕು ನನ್ನ ಹತ್ರ ಅವೆ ನೋಡಿ — ನೋಡಿದಳು, ಒಂದೇ ಬಸಿರಿನವು, ಪಕ್ಕದ ಮನೆಯಲ್ಲಿ ಕೊಬ್ಬರಿ ಸುಲಿಯುವ ಸದ್ದು, ಇಪ್ಪತ್ತೆರಡು ವರ್ಷವಾಯ್ತು, ಎಂಟು ದಿನ ಅಗೆದರೂ ಕುಸಿದ ಗುಂಡಿಯಿಂದ ದುರ್ಗಯ್ಯನ ಮೈ ಸಿಗಲಿಲ್ಲ, ಬಿದ್ದ ಜಾಗದ ಒಂದು ಕಲ್ಲಾದ್ರೂ ತನ್ನಿ, ಅದ್ಕೇ ಎಡೆ ಇಡಾನ ಅಂದರು ಹಿರಿಯರು, ತಂದವನು ಮೈದುನ ಬೀರಲಿಂಗಯ್ಯ, ಅದಿರಿನ ಲಾರಿ ಓಡಿಸುತ್ತಿದ್ದವನು, ಟವೆಲಿನಲ್ಲಿ ಸುತ್ತಿ ಕೂಸಿನಂತೆ ಎತ್ತಿಕೊಂಡು ಬಂದಿದ್ದ, ಅವನೇ ಈಗ ಪಕ್ಕದ ಕುರ್ಚಿಯಲ್ಲಿ ಕಾಲ್ಬೆರಳು ನೋಡುತ್ತಾ ಕೂತಿದ್ದಾನೆ, ಏನ್ಲಾ ಬೀರಲಿಂಗ, ಅಂದಳೋ ಅಂದುಕೊಂಡಳೋ, ಅವತ್ತು ಗುಂಡಿ ತಾವ ಯಾರ್ನೂ ಬುಡ್ಲಿಲ್ಲ ಕಣತ್ತಿಗೆ, ಮನೇಲಿ ಎಲ್ರೂ ಕಾಯ್ತಿದ್ರಿ, ಬಳ್ಳಾರಿ ಲೋಡಿಂದು ಲಾರಿಲಿ ಇದೊಂದು ಉಳ್ಕಂಡಿತ್ತು, ಅಂದ ಅವನು. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಇಪ್ಪತ್ತೆರಡು ವರ್ಷ ಸುಮ್ಮನಿದ್ದ, ಪ್ರತಿ ಪಿತೃಪಕ್ಷಕ್ಕೂ ಬಂದು ಅದೇ ಕಲ್ಲಿಗೆ ಅಡ್ಡಬಿದ್ದ, ಎಲೆಯ ಮುಂದೆ ಕೂತು ಉಂಡ.

ಸಿಟ್ಟು ಬರಬೇಕಿತ್ತು, ಬರಲಿಲ್ಲ, ಅಳುವೂ ಇಲ್ಲ, ದುರ್ಗಯ್ಯನ ಅಂಗಿ ನೆನೆಸಿದರೆ ನೀರು ಕಪ್ಪಾಗೋದು, ಮೂರು ನೀರು ಬದಲಿಸಿದರೂ ಕಪ್ಪು, ಆ ಕಪ್ಪೇ ಇದು ಅಂತ ಎಣ್ಣೆ ಹಚ್ಚಿದಳು, ಕಡುಬು ಇಟ್ಟಳು, ಆಶಾ ಮದುವೆಯ ಮೊದಲ ಲಗ್ನಪತ್ರಿಕೆ ಇದರ ಮುಂದೆ ಇಟ್ಟು ಏನ್ರೀ ನೋಡ್ರಿ ಅಂದಳು — ಯಾರಿಗೆ, ಬಳ್ಳಾರಿಯ ಯಾವುದೋ ಬೆಟ್ಟಕ್ಕೆ, ದುರ್ಗಯ್ಯ ಕಣ್ಣಲ್ಲೂ ಕಾಣದ ಬೆಟ್ಟಕ್ಕೆ, ಅವನು ಅಲ್ಲೇ ಗುಂಡಿಯಲ್ಲಿ ಇದ್ದ, ಎಲೆ ಹಾಕಿದವರಿಲ್ಲ.

ಏನಂತ ಬರೀಲಮ್ಮ, ಮೇಷ್ಟ್ರು ಮೆತ್ತಗೆ ಕೇಳಿದರು, ತಪ್ಪು ಬರೆಯೋಕಾಗಲ್ಲ ನನಗೆ, ಪೆನ್ನು ಹಾಗೇ ನಿಂತಿದೆ, ಬೀರಲಿಂಗಯ್ಯ ಬಳ್ಳಾರಿ ಅಂತ್ಲೇ ಬರ್ಕಳಿ ಸಾ ಅಂದ, ಅವಳಿಗೆ ತನ್ನ ದನಿ ಬೇರೆ ಯಾರದೋ ಅನಿಸಿತು, ನಮ್ಮನೆ ಅಂತ ಬರ್ಕಳಿ — ಅದು ಜಾಗ ಅಲ್ಲಮ್ಮ ಅಂದರು ಮೇಷ್ಟ್ರು, ಪೆನ್ನು ಇಳಿಯಲಿಲ್ಲ, ಇಪ್ಪತ್ತೆರಡು ವರ್ಷ ಅಲ್ಲೇ ಇತ್ತಲ್ಲ ಮೇಷ್ಟ್ರೇ, ಪೆನ್ನು ಇಳಿಯಲಿಲ್ಲ, ಸಿಕ್ಕ ಜಾಗ, ಅದರ ಮುಂದೆ ಬಿಳಿ, ಆ ಬಿಳಿಯ ಮೇಲೆ ಪೆನ್ನಿನ ನೆರಳು.