ಹದಿನೈದು ದಿನ ಕಾದ ಯೂರಿಯಾ

ನಮ್ಮ ಕೆರೆಯ ಕೆಳಗಿನ ಗದ್ದೆಯವರೆಲ್ಲ ಭತ್ತಕ್ಕೆ ಕಡೇ ಸರ್ತಿ ಯೂರಿಯಾ ಒಗೆಯುವುದು ಗಣಪತಿ ಕಳಿಸಿದ ಮರುದಿನ. ಇದನ್ನು ಯಾರು ಹಚ್ಚಿಕೊಟ್ಟರೋ ಗೊತ್ತಿಲ್ಲ, ನಮ್ಮಪ್ಪನ ಕಾಲಕ್ಕೂ ಹಾಗೇ ಇತ್ತು. ರೋಹಿಣಿ ಮಳೆಗೆ ಕೂರಿಗೆ ಹೂಡಿ ಬಿತ್ತಿದ ಭತ್ತ ಆ ಹೊತ್ತಿಗೆ ತೆನೆ ಕಟ್ಟುವ ತಯಾರಿಯಲ್ಲಿ ಇರುತ್ತಿತ್ತು. ಹಾಗಾಗಿ ಯಾರೂ ದಿನ ಎಣಿಸುತ್ತಿರಲಿಲ್ಲ, ಹಬ್ಬ ನೋಡುತ್ತಿದ್ದರು. ನಾನೂ ಐವತ್ತು ವರ್ಷ ಹಬ್ಬವನ್ನೇ ನೋಡಿದವನು.

ಹೋದ ವರ್ಷ ರೋಹಿಣಿಗೆ ಬಿತ್ತಿದ್ದು ನನಗೆ ದಕ್ಕಲಿಲ್ಲ. ನನ್ನದು ತಗ್ಗಿನ ಗದ್ದೆ, ನೀರು ನಿಂತು ಮೊಳಕೆಯೆಲ್ಲ ಕೊಳೆತುಹೋಯಿತು. ಮೇಲಿನ ಗದ್ದೆ ಮೈಲಾರಲಿಂಗನದು, ಅವನಿಗೆ ಏನೂ ಆಗಲಿಲ್ಲ. ನನ್ನದು ಮತ್ತು ನನ್ನ ಕೆಳಗಿನ ತಸ್ಲೀಮಾಳದು ಎರಡೂ ಹೋದವು. ಪುನರ್ವಸು ಮಳೆಯಲ್ಲಿ ಮೊಳಕೆ ಕಟ್ಟಿದ ಬೀಜ ತಂದು ಕೆಸರಿನಲ್ಲಿ ಚೆಲ್ಲಿದೆ. ಅವಳು ಇನ್ನೊಂದು ವಾರ ತಡೆದು ಚೆಲ್ಲಿದಳು.

ತಸ್ಲೀಮಾ ಸವಣೂರಿನ ಹೆಣ್ಣುಮಗಳು, ಕೊಟ್ಟಿದ್ದು ನಮ್ಮೂರಿಗೆ. ಗಂಡ ತೀರಿದ ಮೇಲೆ ಆರೇಳು ವರ್ಷ ಭತ್ತದ ಪ್ರಯೋಗ ಮಾಡುವ ಸರ್ಕಾರಿ ಹೊಲದಲ್ಲಿ ಆಳಾಗಿ ದುಡಿದಳು. ಈಗ ತನ್ನ ಒಂದೆಕರೆ ತಾನೇ ಮಾಡುತ್ತಾಳೆ. ಕೆರೆಯ ನೀರು ಮೊದಲು ನನ್ನ ಗದ್ದೆಗೆ ಬಂದು, ಬದುವಿನ ಕಂಡಿಯಿಂದ ಇಳಿದು ಅವಳ ಗದ್ದೆಗೆ ಹೋಗಬೇಕು. ಬೇರೆ ದಾರಿ ಇರಲಿಲ್ಲ.

ಆ ವರ್ಷ ಗೊಬ್ಬರದ ಅಭಾವ. ಸೊಸೈಟಿಯ ಮುಂದೆ ಎರಡು ದಿನ ಪಾಳಿ ನಿಂತು ಎರಡು ಚೀಲ ಕೇಳಿದರೆ ಒಂದು ಸಿಕ್ಕಿತು. ಇನ್ನೊಂದು ಈ ಹಂಗಾಮಿಗೆ ಬರುವುದಿಲ್ಲ ಎಂದು ಹೇಳಿಬಿಟ್ಟರು. ನಮ್ಮ ಮನೆಯಲ್ಲಿ ಉಣ್ಣುವವರು ಏಳು ಮಂದಿ. ಮೊದಲ ಬಿತ್ತನೆ ಹೋಗಿ ಬೀಜವೂ ತೀರಿತ್ತು. ವರ್ಷದ ಅನ್ನ ಆ ಒಂದು ಚೀಲದ ಮೇಲೆ ನಿಂತಿತ್ತು.

ಗಣಪತಿ ಕಳಿಸಿದ ಮರುದಿನ ಚೀಲ ಹೊತ್ತುಕೊಂಡು ಗದ್ದೆಗೆ ಹೋದೆ. ಬಾಯಿ ಬಿಚ್ಚಿ, ಉಡಿ ಕಟ್ಟಿ, ಮೊದಲ ಬೊಗಸೆ ತುಂಬಿಕೊಂಡಿದ್ದೆ. ಕೆಳಗಿನ ಬದು ಕಟ್ಟುತ್ತಿದ್ದ ತಸ್ಲೀಮಾ ತಲೆ ಎತ್ತಿದಳು.

"ಕಾಕಾ, ಕೈ ತಡೀರಿ. ಇಷ್ಟು ನೀರಾಗ ಒಗದ್ರ ಅರ್ಧ ನನ್ನ ಗದ್ದಿಗೆ ಇಳದು ಬರ್ತೈತಿ."

"ಬಂದ್ರ ನಿನಗ ಛಲೋ ಆತಲ್ಲ ಬೇ" ಅಂದೆ.

"ಛಲೋನ ರಿ. ಆದ್ರ ಆ ಅನ್ನ ಗಂಟಲದಾಗ ಇಳಿಯಂಗಿಲ್ಲ."

ಬದು ಹತ್ತಿ ಬಂದು ನನ್ನ ಗದ್ದೆಯದೇ ಒಂದು ಸಸಿ ಕಿತ್ತಳು. ಬೇರಿನ ಕೆಸರು ತೊಳೆದು, ಕುಡಗೋಲಿನ ತುದಿಯಿಂದ ಕಾಂಡವನ್ನು ಉದ್ದಕ್ಕೆ ಸೀಳಿ ನನ್ನ ಕಣ್ಣಿನ ಹತ್ತಿರ ಹಿಡಿದಳು. ಪದರದೊಳಗೆ ಪದರ, ಬೇರೇನೂ ಕಾಣಲಿಲ್ಲ.

"ಹೊಟ್ಟಿ ಖಾಲಿ ಐತಿ ನೋಡ್ರಿ. ಬಸರಾಗೂಕಿಂತ ಮೊದ್ಲ ಕುಬಸ ಮಾಡಾಕ ಹೊಂಟೀರಿ."

ಬಸುರಿಗೆ ಮಾಡುವ ಸೀಮಂತದ ಆ ಮಾತಿಗೆ ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಹಬ್ಬ ನೋಡುವ ಭರದಲ್ಲಿ ನನ್ನ ಪೈರು ಐದು ವಾರ ತಡವಾಗಿ ಹುಟ್ಟಿದ್ದನ್ನು ನಾನೇ ಮರೆತಿದ್ದೆ. ಈಗ ಕೊಟ್ಟರೆ ಎಲೆ ಬೆಳೆಯುತ್ತದೆ, ಬುಡದಲ್ಲಿ ಹೊಸ ಮರಿ ಒಡೆಯುತ್ತವೆ, ಆ ಮರಿಗಳು ತೆನೆ ಕೊಡುವುದಿಲ್ಲ ಎಂದು ತಿಳಿಸಿ ಹೇಳಿದಳು. ದಿನಾ ಒಂದು ಸಸಿ ಸೀಳಿ ನೋಡಬೇಕು. ಕಾಂಡದೊಳಗಿನ ಗೆಣ್ಣಿನ ಮೇಲೆ ಬಿಳೀ ಮೊನೆ, ಅಂದರೆ ಹುಟ್ಟುವ ತೆನೆ, ಕಂಡ ದಿನವೇ ಗೊಬ್ಬರದ ದಿನ.

ಚೀಲ ವಾಪಸ್ ಮನೆಗೆ ಬಂತು. ತಂಡಿ ತಾಗದಂತೆ ತಾಡಪತ್ರಿ ಸುತ್ತಿ ಅಟ್ಟಕ್ಕೆ ಏರಿಸಿದೆ. ನಾಲ್ಕು ದಿನಕ್ಕೆ ಊರವರ ಗದ್ದೆಯೆಲ್ಲ ಕಡು ಹಸಿರಾಯಿತು, ನನ್ನದು ತಿಳಿ ಹಳದಿಗೆ ತಿರುಗಿತು. ಗೊಬ್ಬರವನ್ನು ಉಪ್ಪಿನಕಾಯಿಗೆ ಹಾಕಲು ಇಟ್ಟೀರೇನು ಎಂದು ಮೈಲಾರಲಿಂಗ ಕೇಳಿದ. ನನ್ನ ಹೆಂಡತಿ ಭರಮವ್ವ ಗದ್ದೆ ನೋಡಿ ಬಂದು ಬಾಯಿ ಬಿಟ್ಟಳು.

"ನಮ್ಮ ಗದ್ದಿ ಕಾಮಾಲಿ ಆದೋರಂಗ ನಿಂತೈತಿ. ನೀವು ಚೀಲದ ಪೂಜಿ ಮಾಡ್ಕೋತ ಕುಂದರ್ರಿ."

ಅವಳ ಸಿಟ್ಟು ಸುಳ್ಳಲ್ಲ. ತಸ್ಲೀಮಾ ಹೇಳಿದ್ದು ತಪ್ಪಾಗಿದ್ದರೆ ಏಳು ಮಂದಿಗೆ ಉತ್ತರ ಹೇಳಬೇಕಾದವನು ನಾನು. ದಿನಾ ಮುಂಜಾನೆ ಬ್ಲೇಡು ತೆಗೆದುಕೊಂಡು ಹೋಗುತ್ತಿದ್ದೆ, ಸೀಳುತ್ತಿದ್ದೆ, ಖಾಲಿ ಕಂಡು ಬರುತ್ತಿದ್ದೆ. ಒಂದೆರಡು ಸಲ ಉಡಿ ಕಟ್ಟಿಕೊಂಡೇ ಹೋಗಿದ್ದೂ ಉಂಟು.

ಹದಿನೈದನೇ ದಿನ ಸಿಕ್ಕಿತು. ಅರ್ಧ ಎಳ್ಳಿನಷ್ಟು ಬಿಳೀ ಮೊನೆ, ಮೈಮೇಲೆ ನವಿರು ಕೂದಲು. ಎಲೆಯ ಮೇಲೆ ಇಟ್ಟುಕೊಂಡು ತಸ್ಲೀಮಾಳ ಮನೆಗೇ ಒಯ್ದೆ. ಅವಳು ಬಾಗಿಲ ಬೆಳಕಿಗೆ ಹಿಡಿದು ನೋಡಿ, ಇದೇ ಅಂದಳು. ಕೆರೆಯಿಂದ ಬರುವ ನೀರು ನಿಲ್ಲಿಸಿ, ಗದ್ದೆ ಕೆಸರಷ್ಟೇ ಉಳಿಯುವ ಹಾಗೆ ಬಸಿದು, ಎಲೆಯ ಇಬ್ಬನಿ ಆರಿದ ಮೇಲೆ ಒಗೆಯಬೇಕು. ಆಮೇಲೆ ಎರಡು ದಿನ ನೀರು ಬಿಡಬಾರದು ಎಂದೂ ಹೇಳಿದಳು.

ಒಂದು ಮಾತು ಉಳಿದಿತ್ತು. ಹೇಳದೆ ಬರುವಂತಿರಲಿಲ್ಲ.

"ನಾ ನೀರು ಮುಚ್ಚಿದ್ರ ನಿನಗೂ ಇಲ್ಲಲ್ಲ ತಂಗಿ. ನಿನ್ನ ಗದ್ದಿ ಒಣಗತೈತಿ."

ಅವಳು ಆ ಬಿಳೀ ಮೊನೆಯನ್ನು ಎಲೆಯ ಸಮೇತ ನನ್ನ ಕೈಗೆ ಕೊಟ್ಟಳು.

"ನಾಕ ದಿನ ತಡೀತೈತ್ರಿ. ಮುಚ್ಚ್ರಿ."

ಆ ನಾಲ್ಕು ದಿನ ಮಳೆ ಬರಲಿಲ್ಲ, ಬಿಸಿಲು ಚುರುಗುಟ್ಟಿತು. ಎರಡನೇ ದಿನ ಮಧ್ಯಾಹ್ನ ನಾನು ಚೀಲ ಪೂರ್ತಿ ಒಗೆದೆ. ಮೂರನೇ ದಿನಕ್ಕೆ ಅವಳ ಗದ್ದೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡವು. ಅವಳು ಬಂದು ನೋಡಿದಳು, ಬದುವಿನ ಹುಲ್ಲು ಕೊಯ್ದುಕೊಂಡು ಹೋದಳು. ನಾಲ್ಕನೇ ದಿನ ಸಂಜೆ ನೀರು ಬಿಟ್ಟು, ಅದು ಕಂಡಿ ಇಳಿದು ಅವಳ ಕಡೇ ಮೂಲೆ ಮುಟ್ಟುವ ತನಕ ನಾನು ಕೂತು ನೋಡಿದೆ.

ತೆನೆ ತುಂಬಿ ಬಂದವು. ಒಂದು ತೆನೆ ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತಿತ್ತು. ಏಳು ಮಂದಿಗೆ ವರ್ಷದ ಅನ್ನ ಆಗಿ, ಬೀಜಕ್ಕೂ ಉಳಿಯಿತು. ಅವಳ ಗದ್ದೆಯೂ ನಾಲ್ಕು ದಿನದ ಬಿಸಿಲು ತಡೆದುಕೊಂಡಿತ್ತು. ಭರಮವ್ವ ಮೊದಲ ಹೊಸ ಅಕ್ಕಿ ಬೀಸಿ, ರೊಟ್ಟಿ ಮಾಡಿ, ಬುಟ್ಟಿಯಲ್ಲಿಟ್ಟುಕೊಂಡು ತಾನೇ ತಸ್ಲೀಮಾಳ ಮನೆಗೆ ಹೋದಳು. ಅಲ್ಲಿ ಏನು ಮಾತಾಡಿಕೊಂಡರೋ, ಬರುವಾಗ ದೀಪ ಹಚ್ಚುವ ಹೊತ್ತಾಗಿತ್ತು.

ಕೆರೆ ನೀರಿಗಾಗಿ ಮೇಲಿನವರು ಕೆಳಗಿನವರು ಬಡಿದಾಡಿದ್ದನ್ನು ನಾನು ಸಣ್ಣವನಿದ್ದಾಗಿನಿಂದ ನೋಡಿದ್ದೇನೆ. ಒಮ್ಮೆ ಸಲಿಕೆಯಿಂದ ಒಬ್ಬನ ಮುಂಗೈ ಮುರಿದಿತ್ತು. ಆದರೆ ತನ್ನ ಗದ್ದೆಗೆ ತಾನಾಗಿ ಇಳಿದು ಬರುವ ಗೊಬ್ಬರವನ್ನು ಬೇಡವೆಂದು ತಡೆದವರನ್ನು ಕಂಡಿರಲಿಲ್ಲ. ಅವಳು ಸುಮ್ಮನಿದ್ದರೆ ಸಾಕಿತ್ತು. ನನಗೆ ಗೊತ್ತೂ ಆಗುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ನನ್ನ ಗದ್ದೆಯ ಅಂಚಿಗೆ ಒಂದು ಮೊಳ ಅಗಲ ಜಾಗ ಬಿಟ್ಟು, ಕೆರೆ ನೀರು ನನ್ನ ಗದ್ದೆಗೆ ಬೀಳುವಲ್ಲಿಂದ ತಸ್ಲೀಮಾಳ ಬದುವಿನ ತನಕ ನೇರ ಕಾಲುವೆ ತೋಡಿದೆ. ಇನ್ನು ಅವಳ ನೀರು ನನ್ನ ಗದ್ದೆ ಹಾಯಬೇಕಾಗಿಲ್ಲ. ಭೂಮಿ ಹೆಚ್ಚಾಯಿತೇನು ಎಂದು ಮೈಲಾರಲಿಂಗ ಕೇಳಿದ. ನಾನು ಅಗೆಯುತ್ತ ಹೋದೆ, ಭರಮವ್ವ ಮಣ್ಣು ಹೊತ್ತಳು. ಕೊನೆಯ ದಿನ ತಸ್ಲೀಮಾ ಬಂದು ಸಲಿಕೆ ಹಿಡಿದು ನಿಲ್ಲಿಸಿದಳು.

"ಇಷ್ಟು ಯಾಕ ರಿ ಕಾಕಾ?"

ಸಲಿಕೆಯನ್ನು ಅವಳ ಕೈಯಿಂದ ಬಿಡಿಸಿಕೊಂಡೆ. ಅತ್ತ ಸರಿ ತಂಗಿ, ಆ ಮೂಲೆಗೆ ಇನ್ನೊಂದು ಬುಟ್ಟಿ ಮಣ್ಣು ಬೇಕು ಅಂದೆ.